ಮುರಗೆಪ್ಪನ ಹಿಂದಿನ ಗಾಲಿ

ಜಮಖಂಡಿಯಲ್ಲಿ ನನ್ನದೊಂದು ಸೈಕಲ್ ಅಂಗಡಿ. ಹೆಸರು ಸಾಬಣ್ಣ, ಬಾಯಿ ಸ್ವಲ್ಪ ಜೋರು. ಹಾಲಿನ ಕ್ಯಾನು ಹೊರುವ ಸೈಕಲ್ಲಿಗೆ ಎಷ್ಟು ಬೇಕಾದರೂ ಮಡ್‌ಗಾರ್ಡ್ ಹಾಕಿಕೊಡುತ್ತೇನೆ, ರೇಸ್ ಸೈಕಲ್ಲಿಗೆ ಮಾತ್ರ ಕೇಳಬೇಡಿ ಎಂದು ಇಪ್ಪತ್ತೈದು ವರ್ಷದಿಂದ ಹೇಳುತ್ತ ಬಂದವನು. ಈ ಮಾತನ್ನು ನನಗಿಂತ ಗಟ್ಟಿಯಾಗಿ ಹಿಡಿದುಕೊಂಡವನೆಂದರೆ ಹಿಪ್ಪರಗಿಯ ಮುರಗೆಪ್ಪ.

ಮುರಗೆಪ್ಪನಿಗೆ ಈಗ ಐವತ್ತೆಂಟು. ಹೊಳೆಯ ದಂಡೆಗೆ ನಾಲ್ಕು ಎಕರೆ ಕಬ್ಬು, ಒಂದು ಜೋಡಿ ಎತ್ತು, ಮತ್ತೆ ಹರೆಯದಲ್ಲಿ ರೇಸಿಗೆ ಹೊಡೆದ, ಬಾಗಿದ ಹ್ಯಾಂಡಲ್ಲಿನ ಉಕ್ಕಿನ ಸೈಕಲ್ಲು. ನಮ್ಮದು ಎರೆಮಣ್ಣಿನ ಸೀಮೆ. ಮಳೆಗಾಲದಲ್ಲಿ ಹೊಲದಿಂದ ಹೊರಬಿದ್ದ ಟ್ರ್ಯಾಕ್ಟರು ಡಾಂಬರಿನ ಮೇಲೆ ಉದ್ದಕ್ಕೂ ಕರಿ ಕೆಸರು ಬಳಿದು ಹೋಗುತ್ತದೆ. ಮಡ್‌ಗಾರ್ಡ್ ಇದ್ದರೆ ಆ ಮಣ್ಣು ಒಳಗೆ ಸೇರಿಕೊಂಡು ಗಾಲಿ ಕಚ್ಚಿ ನಿಲ್ಲುತ್ತದೆ. ಇಲ್ಲದಿದ್ದರೆ ಬೆನ್ನಿಗೆ ಹಾರುತ್ತದೆ. ಬೆನ್ನಿಗೇ ಹಾರಲಿ ಎಂದವನು ಮುರಗೆಪ್ಪ. ಅಂಗಿಯ ಹಿಂದೆ ಎದ್ದ ಕರಿ ಪಟ್ಟಿ ನೋಡಿಯೇ ಅವನ ಹೆಂಡತಿ ಗುರುಬಸವ್ವ ಗಂಡ ಎಷ್ಟು ದೂರ ಹೋಗಿ ಬಂದನೆಂದು ಹೇಳುತ್ತಿದ್ದಳು. ಒಗೆಯುವವಳು ಅವಳು, ಮೆರೆಯುವವನು ಇವನು.

ಅವನು ಸೈಕಲ್ ಹತ್ತುವುದು ಅಮಾವಾಸ್ಯೆಗೆ. ಅಂದು ಎತ್ತಿನ ಹೆಗಲಿಗೆ ನೊಗ ಇಡುವುದಿಲ್ಲ. ಬನಹಟ್ಟಿಯಲ್ಲಿ ಸೀರೆ ನೇಯುವ ಅವನ ಗೆಳೆಯ ರಾಮಣ್ಣನ ಮಗ್ಗಕ್ಕೂ ಅಂದು ರಜೆ. ಎತ್ತು, ಮಗ್ಗ ಎರಡೂ ಸುಮ್ಮನಿರುವ ಆ ಒಂದು ದಿನವನ್ನು ಇಬ್ಬರೂ ಮೂವತ್ತು ವರ್ಷದಿಂದ ಬಿಟ್ಟುಕೊಟ್ಟಿಲ್ಲ. ಬೆಳಗಿನ ಜಾವ ಬನಹಟ್ಟಿಯಲ್ಲಿ ಕೂಡಿ, ಜಮಖಂಡಿಗೆ ಬಂದು, ಮುಧೋಳ ಮುಟ್ಟಿ, ಮಹಾಲಿಂಗಪುರದ ಮೇಲೆ ಹಾಯ್ದು ಮನೆಗೆ. ಮುಂದೆ ಮುರಗೆಪ್ಪ, ಅವನ ಗಾಲಿಗೆ ಮೊಳ ದೂರದಲ್ಲಿ ರಾಮಣ್ಣ. ರಾಮಣ್ಣನಿಗೆ ಉಸಿರು ಕಡಿಮೆ. ಮುಂದಿನವನು ಗಾಳಿ ಸೀಳಿಕೊಟ್ಟರೆ ಮಾತ್ರ ಅವನಿಗೆ ಆ ವೇಗ.

ಮಾತಿಲ್ಲ ಕತೆಯಿಲ್ಲ. ಎರಡೂ ಬದಿಗೆ ಕಬ್ಬು, ಅದರ ಮೇಲೆ ಹೊಳೆಯ ಮಂಜು, ಎಲ್ಲೋ ಆಲೆಮನೆಯ ಬೆಲ್ಲದ ವಾಸನೆ. ಹತ್ತು ಮೈಲಿ ಕಳೆದ ಮೇಲೆ ಕಾಲು ತನ್ನದಲ್ಲ ಅನ್ನಿಸುತ್ತದೆ ಎನ್ನುತ್ತಿದ್ದ ಮುರಗೆಪ್ಪ. ಇದೇ ದಾರಿ ಅವನಿಗೆ ಕನಸಿನಲ್ಲೂ ಬೀಳುತ್ತಿತ್ತು. ಕನಸಿನಲ್ಲಿ ದಾರಿ ಮುಗಿಯುವುದಿಲ್ಲ, ಹಿಂದೆ ರಾಮಣ್ಣನ ಸರಪಳಿಯ ಕಿರಿಕಿರಿ ಸದ್ದು ನಿಲ್ಲುವುದಿಲ್ಲ. ತಿರುಗಿ ನೋಡುವ ಅಗತ್ಯ ಅವನಿಗೆ ಒಂದು ದಿನವೂ ಬಂದಿರಲಿಲ್ಲ.

ಈ ಬೇಸಿಗೆಯ ಕೊನೆಗೆ ರಾಮಣ್ಣನಿಗೆ ಕಣ್ಣಿನ ಪೊರೆಯ ಆಪರೇಷನ್ ಆಯಿತು. ಕಣ್ಣು ಮಾಯ್ದು ಮಗ್ಗಕ್ಕೂ ಕೂತ. ಆದರೆ ಅಮಾವಾಸ್ಯೆಗೆ ಬರಲಿಲ್ಲ. ಒಮ್ಮೆ ನೆಂಟರು ಬಂದಾರ ಎಂದ, ಇನ್ನೊಮ್ಮೆ ಮೊಣಕಾಲು ನೋವು ಎಂದ. ಮೂರನೇ ಅಮಾವಾಸ್ಯೆಗೆ ಫೋನ್ ಎತ್ತಲಿಲ್ಲ. ಮುರಗೆಪ್ಪ ಒಬ್ಬನೇ ನನ್ನ ಅಂಗಡಿಯ ತನಕ ಬಂದು, ಚಹಾ ಕುಡಿದು, ಬಂದ ದಾರಿಯಲ್ಲೇ ತಿರುಗಿ ಹೋದ. ಮುಧೋಳದ ಹೆಸರೇ ತೆಗೆಯಲಿಲ್ಲ.

"ಕನಸಿನ್ಯಾಗೂ ಹಿಂದ ಸಪ್ಪಳ ಇಲ್ಲೋ ಸಾಬಣ್ಣ. ನನ್ನ ಮ್ಯಾಲೆ ಏನ್ ಸಿಟ್ಟ ಐತಿ ಅವಂಗ?" ಎಂದ.

ಮರುದಿನವೇ ಅವನು ಬನಹಟ್ಟಿಗೆ ಹೋದ. ರಾಮಣ್ಣ ಮಗ್ಗದಿಂದ ತಲೆ ಎತ್ತಲಿಲ್ಲ. ನೀರು ತಂದಿಟ್ಟ ಅವನ ಹೆಂಡತಿ ಬೋರವ್ವನೇ ಬಾಯಿ ಬಿಟ್ಟಳು.

"ಸಿಟ್ಟಲ್ರಿ ಅಣ್ಣಾರ. ಕಣ್ಣಿಗೆ ಕೆಸರ ಸಿಡೀಬಾರದು ಅಂತ ಡಾಕ್ಟರ್ ಹೇಳ್ಯಾರ. ಚಷ್ಮಾ ಹಾಕ್ಕೊಂಡ್ರ ಅದರ ಮ್ಯಾಲೆ ಕೂತು ಏನೂ ಕಾಣೂದಿಲ್ಲ. ನಿಮ್ಮ ಹಿಂದ ಬಂದ್ರ ಕೆಸರ ತಪ್ಪತೈತೇನ್ರಿ? ನಿಮಗ ಹೇಳಾಕ ಇವರಿಗೆ ನಾಚಿಕಿ."

ಮುರಗೆಪ್ಪ ಆ ನೀರು ಕುಡಿಯಲೂ ಇಲ್ಲವಂತೆ. ನೇರ ನನ್ನ ಅಂಗಡಿಗೆ ಬಂದು ಸೈಕಲ್ಲನ್ನು ಗೋಡೆಗೆ ಒರಗಿಸಿದ.

"ಮಡಗಾರ್ಡ ಹಾಕು. ಹಿಂದ ಅಷ್ಟ."

"ಹಾಲ ಮಾರಾಕ ಹೊಂಟೀಯೇನ? ಇದಕ್ಕ ಕೂಡಿಸಾಕ ತೂತ ಇಲ್ಲ. ಕರಿಮಣ್ಣ ಹೊಕ್ಕು ಗಾಲಿ ಕಚ್ಚತೈತಿ. ನೀನ ಹೇಳ್ತಿದ್ದೆಲ್ಲ?"

"ಕಚ್ಚಲಿ. ಇಳದು ತಗೀತೇನಿ."

ನಾನು ಇನ್ನೂ ನಾಲ್ಕು ಮಾತು ಆಡಿದೆ. ಆಮೇಲೆ ಅವನು ಬೋರವ್ವ ಹೇಳಿದ್ದನ್ನು ಹೇಳಿದ. ನಾನು ನಟ್ಟು ತಿರುಗಿಸುವ ಪಾನಾ ಕೈಗೆತ್ತಿಕೊಂಡೆ. ನೀಲಿ ಪ್ಲಾಸ್ಟಿಕ್ ಡ್ರಮ್ಮು ಕೊಯ್ದು, ಬಾಗಿಸಿ, ಮಣ್ಣು ಜಾರಲೆಂದು ಗಾಲಿಯಿಂದ ಎರಡು ಬೆರಳು ಮೇಲಕ್ಕೆ ಕೂರಿಸಿದೆ. ಅದರ ತುದಿಗೆ ಟ್ರ್ಯಾಕ್ಟರಿನ ಹಳೇ ಟ್ಯೂಬಿನ ರಬ್ಬರು ಕಟ್ಟಿ, ನೆಲಕ್ಕೆ ಗೇಣು ಉಳಿಯುವಷ್ಟು ಇಳಿಬಿಟ್ಟೆ. ಅಂಥ ಚೆಂದದ ಸೈಕಲ್ಲು ನೋಡಲಾಗದಂತಾಯಿತು. ನನಗೆ ಅಳು ಬರುವುದೊಂದು ಬಾಕಿ.

ಮುಂದಿನ ಅಮಾವಾಸ್ಯೆಗೆ ರಾತ್ರಿಯೆಲ್ಲ ಸುರಿದ ಮಳೆ ಬೆಳಗ್ಗೆ ನಿಂತಿತ್ತು. ನಾನು ಬಾಗಿಲು ತೆಗೆದು ಅರೆನಿದ್ದೆಯಲ್ಲಿ ಕೂತಿದ್ದೆ. ಮಂಜಿನೊಳಗಿಂದ ಮೊದಲು ಬಂದದ್ದು ಸರಪಳಿಯ ಕಿರಿಕಿರಿ ಸದ್ದು, ಆಮೇಲೆ ಇಬ್ಬರು. ದಾರಿಯಲ್ಲಿ ಎರಡು ಸಲ ಗಾಲಿ ಕಚ್ಚಿತ್ತಂತೆ. ಮುರಗೆಪ್ಪ ಸೈಕಲ್ ಎತ್ತಿ ಹಿಡಿದರೆ ರಾಮಣ್ಣ ಕಬ್ಬಿನ ತುಂಡಿನಿಂದ ಮಣ್ಣು ಕೆರೆದನಂತೆ. ರಾಮಣ್ಣನ ಮೊಣಕಾಲಿನ ತನಕ ಕೆಸರು, ಮುಖ ಮಾತ್ರ ಒಣಗಿತ್ತು. ಅವನು ಇಳಿದು ಮುರಗೆಪ್ಪನ ಬೆನ್ನನ್ನೇ ನೋಡುತ್ತ ನಿಂತ.

"ಬೆನ್ನಿನ ಕಡೆ ನಿನ್ನ ಅಂಗಿ ಬಿಳೇದ ಐತೇನ್ಲೇ?"

"ಮೂವತ್ತ ವರ್ಷ ಆತು, ಅದನ್ನ ಹಾಕ್ಕೊಂತೇನಿ."

"ಹಿಂದ ಬರಾಗ ನಾ ಎಂದ್ ಕಣ್ಣ ತೆರದು ನೋಡೇನಿ? ಕೆಸರಿಗೆ ಅರ್ಧಾ ಮುಚ್ಚೇ ಬರ್ತಿದ್ದೆ. ನಿನ್ನ ಗಾಲಿ ಸಪ್ಪಳ ಹಿಡಕೊಂಡ."

ಇಬ್ಬರಿಗೂ ಚಹಾ ಕೊಟ್ಟೆ. ಮುರಗೆಪ್ಪ ಲೋಟ ತಿರುಗಿಸಿದ.

"ಅಷ್ಟ ವರ್ಷ ನನ್ನ ಕೆಸರ ತಿಂದಿ. ಒಂದ್ ಮಾತ ಹೇಳಬಾರದೇನೋ?"

ರಾಮಣ್ಣ ಲೋಟ ಕೆಳಗಿಟ್ಟು ಸೈಕಲ್ ಹತ್ತಿದ. "ಹೇಳಿದ್ರ ನೀ ಸಾವಕಾಶ ಹೊಡೀತಿದ್ದಿ" ಎಂದ.

ಮುರಗೆಪ್ಪ ಎದ್ದು ರಬ್ಬರಿನ ಗಂಟನ್ನು ಇನ್ನೊಮ್ಮೆ ಎಳೆದು ನೋಡಿದ. ಇಬ್ಬರೂ ಮುಧೋಳದ ಕಡೆ ಹೊರಟರು. ತಿರುವಿನ ತನಕ ನೋಡಿದೆ. ಮುರಗೆಪ್ಪ ಎರಡು ಸಲ ಹಿಂದೆ ತಿರುಗಿ ನೋಡಿದ.