ಜಾಲಿಗೆ ಜಗ್ಗದ ಆಯಿ

ಆಯಿಯ ಎಡಗೈ ಹೆಬ್ಬೆರಳಿನಲ್ಲಿ, ಉಗುರಿನ ಬುಡಕ್ಕೆ, ಎಳ್ಳುಕಾಳಿನಷ್ಟು ಕಪ್ಪು ಚುಕ್ಕೆಯಿತ್ತು. ಬಳ್ಳಾರಿ ಜಾಲಿಯ ಮುಳ್ಳು ಒಳಗೇ ಮುರಿದು ಉಳಿದದ್ದು. ಹುನಗುಂದದ ದವಾಖಾನೆಯಲ್ಲಿ ತೆಗೆಸಿಕೋ ಎಂದರೆ ಕೇಳುತ್ತಿರಲಿಲ್ಲ. "ಇರ್ಲಿ ಬಿಡ್ರಿ ಮಾಸ್ತರ. ವೈರಿ ಕೈಯಾಗ ಇದ್ರ ಮರಿಯೂದಿಲ್ಲ" ಎನ್ನುತ್ತಿದ್ದಳು.

ನಾನು ಆ ಊರಿನ ಸಾಲೆಗೆ ವಿಜ್ಞಾನ ಕಲಿಸಲು ಬಂದವನು. ಆಕೆ ಬೀರಪ್ಪನ ಗುಡಿಯ ಹಿಂದಿನ ಗುಡ್ಡದಲ್ಲಿ ಕುರಿ ಮೇಯಿಸುವವಳು. ಊರೆಲ್ಲ ಆಯಿ ಎನ್ನುತ್ತಿತ್ತು, ನಾನೂ ಅಂದೆ. ಗುಡ್ಡದ ಹುಲ್ಲು, ಬಾರಿ, ಕವಳಿ, ಬನ್ನಿ ಗಿಡಗಳೇ ಅವಳ ಕುರಿಗಳ ಬದುಕು. ಜಾಲಿ ಕೆಳಗಿನ ಹಳ್ಳದಿಂದ ಗುಡ್ಡ ಹತ್ತುತ್ತ ಬಂದಿತ್ತು, ಬಂದಲ್ಲೆಲ್ಲ ಹುಲ್ಲು ಸಾಯುತ್ತಿತ್ತು. ಕುರಿ ಮಾರಿ ಸುಮ್ಮನಿರು ಎಂದವರಿಗೆ ಅವಳದು ಒಂದೇ ಉತ್ತರ: "ಹೋಗೂದಿದ್ರ ಜಾಲಿ ಹೋಗ್ಲಿ. ಗುಡ್ಡಕ್ಕ ಅದರಕಿಂತ ಮೊದಲ ಬಂದಾಕಿ ನಾ."

ಬರಿದೇ ಕಡಿಯುವವರನ್ನು ಕಂಡರೆ ಅವಳಿಗೆ ಸಿಟ್ಟು. "ಮ್ಯಾಲೆ ಕಡದ್ರ ಹತ್ತು ತಲಿ ಒಡಿತೈತಿ. ಗೇಣುದ್ದ ಅಗದು ಬುಡಾನ ತಗೀರಿ" ಎಂದು ನನ್ನ ಕೈಗೂ ಪಿಕಾಸಿ ಕೊಟ್ಟಳು.

ಒಂದು ಭಾನುವಾರ ಹುರುಪಿನಲ್ಲಿ ನಾನೊಬ್ಬನೇ ಹೋಗಿ ಸಸಿ ಕಿತ್ತು ರಾಶಿ ಹಾಕಿದೆ. ಆಯಿ ಬಂದು ನೋಡಿದಳು. ಕುರಿಹಿಂಡಿನಲ್ಲಿದ್ದ ಒಂದೇ ಆಡನ್ನು ಎಳೆತಂದು ರಾಶಿಯ ಮುಂದೆ ನಿಲ್ಲಿಸಿದಳು. ಆಡು ಜಾಲಿಯ ಸೊಪ್ಪನ್ನು ಮೂಸಿ ಬಿಟ್ಟಿತು. ನಡುವೆ ಸೇರಿದ್ದ ನಾಲ್ಕು ಸಸಿಗಳನ್ನು ಮಾತ್ರ ಹೆಕ್ಕಿ ತಿಂದಿತು. ಅವು ಬನ್ನಿ. ದಸರೆಗೆ ಬಂಗಾರವೆಂದು ಹಿರಿಯರ ಕೈಗಿಡುವ ಗಿಡವನ್ನೇ ಕಿತ್ತಿದ್ದೆ.

"ಜಾಲಿಗೆ ಗೆಣ್ಣಿಗೆ ಎರಡು ಮುಳ್ಳು, ಬನ್ನಿಗೆ ಎಲ್ಲಿ ಬೇಕಲ್ಲಿ. ಆಡಿಗೆ ಗೊತ್ತೈತಿ, ನಿಮಗಿಲ್ಲ. ನಿಮ್ಮಿಬ್ಬರಾಗ ಸಾಲಿ ಕಲ್ತಾವ್ರು ಯಾರ್ರಿ?"

ನನಗೆ ಮುಖಕ್ಕೆ ಹೊಡೆದಂತಾಯಿತು. "ಆಯಿ, ಜಾಲಿ ಗುಡ್ಡಕ್ಕ ತಂದಿದ್ದು ನಿನ್ನ ಕುರೀನ. ಹಳ್ಳದಾಗ ಕಾಯಿ ತಿಂತಾವ, ಇಲ್ಲಿ ಹಿಕ್ಕಿ ಹಾಕ್ತಾವ. ಬೀಜ ಹಂಗ ಇರ್ತೈತಿ" ಅಂದೆ. ಮಾತು ಖರೆ, ಆದರೆ ಆಡಿದ್ದು ಸೇಡಿಗೆ. ಅದಕ್ಕೆ ಇವತ್ತಿಗೂ ನಾಚುತ್ತೇನೆ.

ಆಕೆ ಒಂದು ಹಿಕ್ಕೆ ಒಡೆದು, ಅಂಗೈಯಲ್ಲಿದ್ದ ಬೀಜವನ್ನು ಬಹಳ ಹೊತ್ತು ನೋಡಿದಳು. ಮರುದಿನದಿಂದ, ಕಾಯಿ ಉದುರುವ ಕಾಲ ಮುಗಿಯುವ ತನಕ, ಕುರಿಗಳನ್ನು ಹಳ್ಳಕ್ಕೆ ಇಳಿಸಲಿಲ್ಲ. ಕಾಯಿಗಳನ್ನು ತಾನೇ ಆರಿಸಿ ತಂದು, ಒಣಗಿಸಿ, ಬೀಜವೆಲ್ಲ ನುಚ್ಚಾಗುವಂತೆ ಒರಳಿನಲ್ಲಿ ಕುಟ್ಟಿ ಕುರಿಗಳಿಗೆ ಹಾಕಿದಳು. ಕುರಿಗೆ ಅಡಿಗೆ ಮಾಡುತ್ತಾಳೆಂದು ಊರು ನಕ್ಕಿತು. "ಹೌದು, ವೈರೀನ ಕುಟ್ಟಾಕ ಹತ್ತೇನಿ. ನಿಮಗೂ ಒಂದು ಹಿಡಿ ಬೇಕೇನು?" ಅಂದಳು.

ನಾನು ಬನ್ನಿ ಕಿತ್ತ ನಾಲ್ಕು ಕುಣಿಗಳಲ್ಲಿ ನನ್ನಿಂದಲೇ ಬನ್ನಿ ಬೀಜ ಊರಿಸಿದಳು. ಸುತ್ತ ಜಾಲಿ ಮುಳ್ಳಿನ ಬೇಲಿ ಕಟ್ಟಿಸಿದಳು. ಎರಡು ಬದುಕಿವೆ. ಜಾಲಿ ಅಗೆದು ಮುಗಿಸಿದ ಗುಡ್ಡದ ಮೇಲಿನ ಅರ್ಧಕ್ಕೆ ಹುಲ್ಲೂ ಮರಳಿದೆ.

ಹೋದ ವರ್ಷ ಆಯಿ ತೀರಿಕೊಂಡಳು. ಮಣ್ಣು ಮಾಡಿದ ಮೂರನೆಯ ದಿನ ಅವಳ ಮಗ ನಮ್ಮ ಬಾಗಿಲಿಗೆ ಬಂದ. ಕೈಯಲ್ಲಿ ಹಗ್ಗ, ಹಗ್ಗದ ತುದಿಗೆ ಅದೇ ಆಡು.

"ಕೆಳಗಿನ ಅರ್ಧ ಗುಡ್ಡ ಇನ್ನ ಬಾಕಿ ಐತಿ, ಮಾಸ್ತರಿಗೆ ಇದನ್ನ ಕೊಡು, ಅವರಿಗೆ ಗಿಡದ ಗುರುತ ಸಿಗೂದಿಲ್ಲ ಅಂತ ಅವ್ವ ಹೇಳಿ ಹೋಗ್ಯಾಳ್ರಿ" ಅಂದ.

ಆ ಭಾನುವಾರ ಪಿಕಾಸಿ ಹೆಗಲಿಗೇರಿಸಿ ನಾನೂ ಆಡೂ ಗುಡ್ಡಕ್ಕೆ ಹೋದೆವು.