ಹೊಳೆ ಬಿಟ್ಟುಹೋದ ಒರಳು

ನಾನು ಶಿವಮೊಗ್ಗದಲ್ಲಿ ಹೈಸ್ಕೂಲು ಮುಗಿಸಿ ಬಂದ ವರ್ಷ ತುಂಗೆ ಉಕ್ಕಿ, ಹರಿಹರಪುರದ ಕೆಳಗೆ ದಂಡೆಯ ಮನೆಗಳೆಲ್ಲ ತೊಳೆದುಹೋದವು. ಊರ ಪಟೇಲರಾಗಿದ್ದ ನನ್ನ ಸೋದರಮಾವ ಬಿದ್ದ ಮನೆಗಳ ಪಟ್ಟಿ ಬರೆಯುವ ಕೆಲಸ ನನಗೆ ವಹಿಸಿದರು. ಪಟ್ಟಿಯಲ್ಲಿದ್ದವರಿಗೆ ಹಳೆಯ ಜಾಗದಲ್ಲೇ ಮನೆ ಕಟ್ಟಲು ಅಪ್ಪಣೆ, ಕಾಡಿನಿಂದ ಬಿದಿರು. ಇಲ್ಲದವರು ಗುಡ್ಡದ ಮೇಲಿನ ಚಪ್ಪರದಲ್ಲೇ ಇರಬೇಕು.

ಹೆಂಚಿನ ಮನೆಯವರನ್ನೆಲ್ಲ ಬರೆದೆ. ಉಳಿದದ್ದು ಮಾವನ ಗದ್ದೆಯಂಚಿನ ನಾಲ್ಕು ಹುಲ್ಲುಮನೆ, ಅವರ ಆಳುಗಳದು. ಹೊಳೆ ಅಲ್ಲಿ ಒಳ್ಳೆಯ ಮೆಕ್ಕಲು ಮಣ್ಣು ಹಾಕಿಹೋಗಿತ್ತು.

"ಅಲ್ಲೆಂತ ಮನೆ ಮಾಣಿ? ಖಾಲಿ ದಂಡೆ ಅಂತ ಬರಿ" ಎಂದರು ಮಾವ. ಬರೆದೆ.

ಅದರಲ್ಲಿ ಒಂದು ಮನೆ ನನಗೆ ಚೆನ್ನಾಗಿ ಗೊತ್ತಿತ್ತು. ಹಿಂದೆ ಕೊಪ್ಪದ ಶಾಲೆಗೆ ನಡೆದುಹೋಗುವಾಗ ಆ ಮನೆಯ ಹೆಂಗಸಿನ ಕೈಯಿಂದ ಎಷ್ಟೋ ಸಲ ನೀರು, ಬೆಲ್ಲ ತೆಗೆದುಕೊಂಡಿದ್ದೆ. ನಮ್ಮ ಜಾತಿಯವರು ಅಲ್ಲಿ ನೀರು ಮುಟ್ಟುವಂತಿರಲಿಲ್ಲ. ಮನೆಯಲ್ಲಿ ಹೇಳಿರಲಿಲ್ಲ.

ಅಮಲ್ದಾರರು ನೋಡಲು ಬಂದ ದಿನ ಅವಳು ಹಾರೆ ಹೊತ್ತು ಗುಡ್ಡ ಇಳಿದಳು.

"ಇಲ್ಲಿ ಮನೆ ಇತ್ತೇನಪ್ಪ?" ಅಮಲ್ದಾರರು ನನ್ನನ್ನೇ ಕೇಳಿದರು. ಹೌದೆಂದರೆ, ಆ ಅಂಗಳಕ್ಕೆ ನೀನೇಕೆ ಹೋಗಿದ್ದೆ ಎಂದು ಪಕ್ಕದಲ್ಲೇ ನಿಂತಿದ್ದ ಮಾವ ಕೇಳುತ್ತಿದ್ದರು.

"ನಾನು ಈ ಕಡೆ ಬಂದವನಲ್ಲ" ಎಂದೆ.

ಅವಳು ಒಂದು ಮಾತು ಆಡಿದ್ದರೆ ನಾನು ಎಲ್ಲರೆದುರು ಸಿಕ್ಕಿಬೀಳುತ್ತಿದ್ದೆ. ಆಡಲಿಲ್ಲ. ಆ ದೊಡ್ಡತನ ನಾನು ಮತ್ತೆಲ್ಲೂ ಕಂಡಿಲ್ಲ. ದಂಡೆಯ ಹೊಳೆಮತ್ತಿ ಮರದಿಂದ ಹೆಜ್ಜೆ ಎಣಿಸಿ ಬಂದು ಅಗೆಯತೊಡಗಿದಳು. ಮೊಣಕಾಲುದ್ದ ತೆಗೆದಾಗ ಹಾರೆ ಕಲ್ಲಿಗೆ ತಾಗಿತು. ಭತ್ತ ಕುಟ್ಟುವ ಒರಳು; ನೆಲದಲ್ಲಿ ಹೂತು ಕೂರಿಸಿದ್ದರಿಂದ ಕದಲಿರಲಿಲ್ಲ. ಕೈಯಿಂದ ಕೆಸರು ಒರೆಸಿ ನನ್ನ ಕಡೆ ನೋಡಿದಳು.

"ಹೊಳೆಗೆ ಓದು ಬರ್ತದಾ ಸಣ್ಣಯ್ಯ? ಆದ್ರೂ ನನ್ನ ಒರಳು ಬಿಟ್ಟು ಹೋಗ್ಯದೆ. ಓದಿದ ನೀವು ಅದನ್ನೂ ಬಿಡ್ಲಿಲ್ವಲ್ಲ!"

ಅಮಲ್ದಾರರಿಗೆ ನಗು ಬಂತು. "ಖಾಲಿ ದಂಡೆಯಲ್ಲಿ ಒರಳು ಬೆಳೀತದೇನು ಪಟೇಲರೆ?" ಅವಳ ಮನೆ ಪಟ್ಟಿಗೆ ಸೇರಿತು.

ಅವಳ ಹಿಂದೆ ಇಳಿದು ಬಂದಿದ್ದ ಉಳಿದ ಮೂವರದು ಮರದ ಒರಳು. ಹೊಳೆಯ ಜೊತೆ ಹೋಗಿದ್ದವು.

"ಇವರ ಮನೇನೂ ಇಲ್ಲೇ ಇತ್ತು ಒಡೆಯಾ" ಎಂದು ಅವಳು ಒಂದೊಂದೇ ಜಾಗ ತೋರಿಸಿದಳು. ಅಮಲ್ದಾರರು ಮತ್ತೆ ನನ್ನ ಮುಖ ನೋಡಿದರು. ಆಗಲೂ ನಾನು ಬಾಯಿಬಿಡಲಿಲ್ಲ. ಆ ಮೂರು ಸಂಸಾರಗಳು ಕಾಫಿ ತೋಟದ ಕೂಲಿಗಳ ಲೈನ್‌ಮನೆ ಸೇರಿದವು. ಅವರ ಜಾಗದಲ್ಲಿ ಮಾವ ಗದ್ದೆ ಮಾಡಿದರು.

ಮರುವರ್ಷ ಆ ದಾರಿಯಲ್ಲಿ ಹೋಗುವಾಗ ಹೊಸ ಹುಲ್ಲುಮನೆಯೊಳಗೆ ಒನಕೆಯ ಸದ್ದು ಕೇಳಿ ನಿಂತೆ. ಅವಳು ಏನೂ ಕೇಳದೆ ಒಂದು ಚೊಂಬು ನೀರು, ಬೆಲ್ಲ ತಂದಿಟ್ಟಳು. ಗದ್ದೆಯಲ್ಲಿ ನಾಟಿ ಮಾಡುತ್ತಿದ್ದವರು ನೋಡುತ್ತಿದ್ದರು. ಬದುವಿನ ಮೇಲೆ ಮಾವನೂ ನಿಂತಿದ್ದರು. ಎಲ್ಲರೆದುರೇ ಕುಡಿದೆ. ಆ ಮೂರು ಮನೆಯವರು ಮಾತ್ರ ಅಲ್ಲಿರಲಿಲ್ಲ.