ಕೋಲಾದಲ್ಲಿ ಹಾಕಿಟ್ಟ ಹಾಲುಹಲ್ಲು

ಬರ್ಗರ್ ಅಂಗಡಿಯವರು ಆಲೂ ಫ್ರೈಗೆ ಅಷ್ಟೊಂದು ಉಪ್ಪು ಸುರಿಯುವುದು ಯಾಕೆ? ಬಾಯಾರಿ ನಾವು ಕೋಲಾ ಕೊಳ್ಳಲಿ ಎಂದು. ಲೋಟದ ತುಂಬ ಐಸ್ ಯಾಕೆ? ನಾಲಿಗೆ ಮರಗಟ್ಟಿ ಸಕ್ಕರೆ ಎಷ್ಟಿದೆಯೆಂದು ತಿಳಿಯದಿರಲಿ ಎಂದು. ಬರ್ಗರ್, ಕೋಲಾ ಎರಡೂ ಕಂಪನಿಗಳ ಮಾಲೀಕರು ಬೀಗರೇ ಇರಬೇಕು ಎಂಬುದು ನನ್ನ ಬಲವಾದ ಗುಮಾನಿ. ದೇಶದ ರಾಜಧಾನಿಯ ಜನಕಪುರಿಯ ನಮ್ಮ ಮನೆಯಲ್ಲಿ ಇಂಥ ಕಾಗಕ್ಕ ಗೂಬಕ್ಕನ ಕಥೆಗಳನ್ನು ನಾನು ಕೇಂದ್ರ ಸರ್ಕಾರದ ಸುತ್ತೋಲೆಯಷ್ಟೇ ಗಂಭೀರವಾಗಿ ಹೊರಡಿಸುತ್ತಿದ್ದೆ. ಹೆಂಡತಿ ನಗುತ್ತಿದ್ದಳು. ಏಳು ವರ್ಷದ ಮಗಳು ನಂಬುತ್ತಿದ್ದಳು.

ಅವಳ ಕೋಲಾ ಚಟ ಬಿಡಿಸಲು ಒಂದು ದಿನ, "ಅದರಲ್ಲಿ ಹಲ್ಲು ಹಾಕಿಟ್ರೆ ಬೆಳಗಾಗೋದ್ರೊಳಗೆ ಕರಗಿಹೋಗತ್ತೆ" ಎಂದೂ ಹೇಳಿಬಿಟ್ಟೆ. ಮರುವಾರವೇ ಅವಳ ಮುಂದಿನ ಹಲ್ಲು ಬಿತ್ತು. ಊರಿನಿಂದ ಬಂದಿದ್ದ ನನ್ನ ಅಮ್ಮ, ಅದನ್ನು ಸಗಣಿಯಲ್ಲಿಟ್ಟು ಮಾಡಿನ ಮೇಲೆ ಎಸೆಯಬೇಕೆಂದು ಹಾಲಿನ ಡೇರಿಯಿಂದ ಸಗಣಿ ತರಿಸಿದರು. ಮಗಳು ಹಲ್ಲು ಕೊಡಲಿಲ್ಲ.

"ಪೆಹಲೇ ಟೆಸ್ಟ್ ಮಾಡ್ಬೇಕು ಅಜ್ಜಿ, ಆಮೇಲೆ ಎಸೆಯೋಣ" ಎಂದು ಸ್ಟೀಲ್ ಲೋಟದ ಕೋಲಾದಲ್ಲಿ ಮುಳುಗಿಸಿ, ತಟ್ಟೆ ಮುಚ್ಚಿ ಮಲಗಿದಳು.

ಬೆಳಿಗ್ಗೆ ಅವಳಿಗಿಂತ ಮೊದಲೇ ಎದ್ದು ಚಮಚದಲ್ಲಿ ತೆಗೆದು ನೋಡಿದೆ. ಹಲ್ಲು ಕಂದುಬಣ್ಣಕ್ಕೆ ತಿರುಗಿತ್ತು, ಅಷ್ಟೇ. ಸಿಂಕಿಗೆ ಎಸೆದರೆ ಗೆಲುವು ನನ್ನದು, ಅವಳು ಇನ್ನೆಂದೂ ಕೋಲಾ ಮುಟ್ಟುವುದಿಲ್ಲ. ಆದರೆ ಅಕ್ಕಿಕಾಳಿನಷ್ಟಿದ್ದ ಆ ಹಲ್ಲನ್ನು ಅವಳು ಇಟ್ಟಿದ್ದು ನನ್ನ ಮಾತು ನಂಬಿ. ನಾಚಿಕೆಯಾಯಿತು. ಮತ್ತೆ ಲೋಟಕ್ಕೇ ಹಾಕಿದೆ.

"ಅಪ್ಪಾ, ಕರಗೇ ಇಲ್ಲ" ಎಂದಳು, ಎದ್ದು ಬಂದವಳು.

"ಹೌದು ಪುಟ್ಟಿ. ನಾನು ಹೇಳಿದ್ದು ಸುಳ್ಳು. ಯಾರೋ ಹೇಳಿದ್ದನ್ನ ನಾನೂ ಹೇಳ್ಬಿಟ್ಟೆ."

"ಔರ್ ಉಪ್ಪಿಂದು?"

"ಅದು ನಿಜ ಇದ್ರೂ ಇರಬಹುದು" ಎಂದೆ. ಜಟ್ಟಿ ಬಿದ್ದರೂ ಮೀಸೆ ಮಣ್ಣಾಗಬಾರದಲ್ಲ. ಅವಳು ನಗಲಿಲ್ಲ. ಇನ್ನು ಮೇಲೆ ನನ್ನ ಯಾವ ಮಾತನ್ನೂ ನಂಬುವುದಿಲ್ಲವೇನೋ ಎಂಬ ಯೋಚನೆ ಇಡೀ ದಿನ ಆಫೀಸಿನಲ್ಲೂ ಬಿಡಲಿಲ್ಲ.

ಅದೇ ತಿಂಗಳು ಪಕ್ಕದ ಹಲ್ಲು ಬೀಳುವ ಮೊದಲೇ ಅದರ ಹಿಂದೆ ಹೊಸದು ಮೊಳೆಯಿತು. ಹಳೆಯದನ್ನು ಕೀಳಿಸಲು ಹಲ್ಲಿನ ಡಾಕ್ಟರ ಬಳಿಗೆ ಹೋದೆವು. ಅವರು ಸೂಜಿ ಹಿಡಿದು, "ಬಿಲ್ಕುಲ್ ದರ್ದ್ ನಹೀಂ ಹೋಗಾ, ಬೇಟಾ" ಎಂದು, ಸ್ವಲ್ಪವೂ ನೋಯುವುದಿಲ್ಲವೆಂದು ಭರವಸೆ ಕೊಟ್ಟರು. ಮಗಳು ತುಟಿ ಬಿಗಿದುಕೊಂಡು ನನ್ನ ಕಡೆ ತಿರುಗಿದಳು.

"ಅಪ್ಪಾ, ನೋಯತ್ತಾ?"

"ನೋಯತ್ತೆ. ಸ್ವಲ್ಪ ಹೊತ್ತು. ಆಮೇಲೆ ಹೋಗತ್ತೆ."

ಅವಳು ನನ್ನ ಹೆಬ್ಬೆರಳು ಹಿಡಿದುಕೊಂಡು ಬಾಯಿ ತೆರೆದಳು.